ಮೈಸೂರಿಗೆ ದುಬಾರಿ ಎಂಟಿಬಿ (ಮೌಂಟನ್ ಬೈಕ್): ಯಾವ ಬ್ರಾಂಡ್ ಯಾರಿಗೆ?

ಪ್ರಶ್ನೆ: ಕೆಲವು ವರ್ಷಗಳಿಂದ ಸಾಧಾರಣ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಸೈಕಲ್) ಓಡಿಸುತ್ತಿದ್ದೇನೆ. ಚಾಮುಂಡಿ ಬೆಟ್ಟದ ರಸ್ತೆ, ಕರಿಘಟ್ಟದ ಕಡೆ, ನಾಲೆ ಏರಿ, ಯಾವಾಗಲಾದರೂ ಕೊಡಗು. ಈಗ ಸ್ವಲ್ಪ ದುಡ್ಡು ಕೂಡಿದೆ. ಟ್ರೆಕ್, ಸ್ಪೆಷಲೈಜ್ಡ್, ಸ್ಕಾಟ್, ಸಾಂಟಾ ಕ್ರೂಜ್, ಯೆಟಿ, ಇವುಗಳಲ್ಲಿ ಯಾವುದು ಯಾರಿಗೆ ಸರಿ? ಓಡಿಸಿದವರು ಹೇಳಿ.

ಕುವೆಂಪುನಗರದಿಂದ:
ನನ್ನದು ಸ್ಕಾಟ್ ಸ್ಪಾರ್ಕ್, ಹಿಂದೆ ಮುಂದೆ 120 ಮಿಲಿಮೀಟರ್ ಸಸ್ಪೆನ್ಶನ್, ಅಂದರೆ ಗುಂಡಿಗೆ ಬಿದ್ದಾಗ ಅಷ್ಟರವರೆಗೆ ಕುಗ್ಗುತ್ತದೆ. ಸ್ವಿಟ್ಜರ್ಲೆಂಡಿನ ಎಂಟಿಬಿ ರೇಸರ್ ನಿನೋ ಶುರ್ಟರ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದು ಸ್ಪಾರ್ಕ್ ಮೇಲೇ. ಹ್ಯಾಂಡಲ್‌ನಲ್ಲಿ ಒಂದು ಲಿವರ್ ಇದೆ. ಒತ್ತಿದರೆ ಮುಂದಿನ ಫೋರ್ಕ್, ಹಿಂದಿನ ಶಾಕ್ ಎರಡೂ ಒಟ್ಟಿಗೆ ಗಟ್ಟಿಯಾಗುತ್ತವೆ. ಬೆಟ್ಟ ಹತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ. ಇದನ್ನು ಕೊಳ್ಳುವವರು ಸಾಮಾನ್ಯವಾಗಿ ನನ್ನಂಥವರೇ: ಎದೆಗೆ ಹಾರ್ಟ್‌ರೇಟ್ ಪಟ್ಟಿ ಕಟ್ಟಿಕೊಂಡು, ಬಾಟಲಿಗೆ ಎಷ್ಟು ನೀರು ತುಂಬಿದರೆ ಎಷ್ಟು ತೂಕ ಅಂತ ಲೆಕ್ಕ ಹಾಕುವವರು. ಸುಮ್ನೆ ಆರಾಮಾಗಿ ಸುತ್ತಾಡೋಕೆ ಇದು ಬೇಡ.

ಶ್ರೀರಂಗಪಟ್ಟಣದಿಂದ:
ಯೆಟಿ ಅಂದ ಕೂಡಲೇ ಆ ಹಸಿರು ಬೆರೆತ ನೀಲಿ ಬಣ್ಣ ಕಣ್ಣಿಗೆ ಬರುತ್ತದೆ, ಅಲ್ವಾ? ಅಮೆರಿಕದ ಕೊಲೊರಾಡೋದ ಕಂಪನಿ. ಅಲ್ಲಿ ಯೆಟಿ, ಸಾಂಟಾ ಕ್ರೂಜ್ ಓಡಿಸುವವರನ್ನು ಹಲ್ಲಿನ ಡಾಕ್ಟರು ಅಂತ ಛೇಡಿಸುತ್ತಾರೆ. ದುಡ್ಡಿದೆ, ಬಿಡುವು ಭಾನುವಾರ ಮಾತ್ರ ಅಂತ ಅದರ ಅರ್ಥ. ತಮಾಷೆ ಪಕ್ಕಕ್ಕಿಡಿ, ಸಾಂಟಾ ಕ್ರೂಜ್ ಒಂದು ವಿಷಯದಲ್ಲಿ ಮೆಚ್ಚಬೇಕಾದ ಕಂಪನಿ. ಸೈಕಲ್‌ನ ಮೊದಲ ಮಾಲೀಕರಿಗೆ ಹಿಂದಿನ ಸಸ್ಪೆನ್ಶನ್‌ನ ಬೇರಿಂಗ್‌ಗಳನ್ನು ಜೀವನಪೂರ್ತಿ ಪುಕ್ಕಟೆ ಕೊಡುತ್ತದೆ. ಆದರೆ 150, 160 ಮಿಲಿಮೀಟರ್ ಸಸ್ಪೆನ್ಶನ್ ಇಟ್ಟುಕೊಂಡು ನಮ್ಮ ಕಡೆ ಏನು ಮಾಡುತ್ತೀರಿ? ಕರಿಘಟ್ಟಕ್ಕೆ ಅಷ್ಟು ಬೇಕಿಲ್ಲ. ಇನ್ನು ಚಾಮುಂಡಿ ಬೆಟ್ಟದ ಕಾಡು ಮೀಸಲು ಅರಣ್ಯ. ಒಳಗಿನ ಕಾಲುದಾರಿಗೆ ಸೈಕಲ್ ಇಳಿಸುವ ಯೋಚನೆಯೇ ಬೇಡ.

ಮಂಡ್ಯದಿಂದ:
ಗುರುಗಳೇ, ಬ್ರಾಂಡ್ ಆಮೇಲೆ. ಮೊದಲು ಮುಳ್ಳಿನ ಮಾತು. ನಾಲೆ ಏರಿ ಮೇಲೆ ಜಾಲಿ ಮುಳ್ಳು ಟೈರಿಗೆ ಚುಚ್ಚದ ದಿನವೇ ಇಲ್ಲ. ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿಸಿ. ಮುಳ್ಳು ಕಿತ್ತ ಕೂಡಲೇ ಬಿಳಿ ಹಾಲು ಪುಸ್ ಅಂತ ಚಿಮ್ಮುತ್ತದೆ. ತೂತು ಕೆಳಕ್ಕೆ ಬರುವ ಹಾಗೆ ಚಕ್ರ ತಿರುಗಿಸಿ ಹಿಡಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಆಗಾಗ ನೋಡಿ ತುಂಬಿಸಬೇಕು.

ಎರಡನೇದು ಹ್ಯಾಂಗರ್. ಗೇರ್ ಬದಲಿಸುವ ಹಿಂದಿನ ಡಿರೈಲರ್ ನೇತು ಹಾಕುವ ಆ ಚಿಕ್ಕ ಅಲ್ಯೂಮಿನಿಯಂ ತುಂಡು. ಸೈಕಲ್ ಬಲಗಡೆಗೆ ಬಿದ್ದರೆ ಮೊದಲು ಬಗ್ಗುವುದು ಅದೇ. ನನ್ನ ಹಳೇ ಸೈಕಲ್‌ಗೆ ಅದು ಆ ಕಂಪನಿಯದ್ದೇ ಬೇಕಿತ್ತು. ಅಂಗಡಿಯವರು ಇವತ್ತು ಬರುತ್ತೆ ನಾಳೆ ಬರುತ್ತೆ ಅಂತಲೇ ಕಾಲ ತಳ್ಳಿದರು. ಲಕ್ಷಗಟ್ಟಲೆ ಸೈಕಲ್ ವೆರಾಂಡದಲ್ಲಿ ಒರಗಿಕೊಂಡು ನಿಂತಿತ್ತು, ನಮ್ಮಮ್ಮ ಅದರ ಮೇಲೆ ಟವೆಲ್ ಒಣಗಿಸುತ್ತಿದ್ದರು. ಅದಕ್ಕೇ ಯುಡಿಎಚ್ (ಯೂನಿವರ್ಸಲ್ ಡಿರೈಲರ್ ಹ್ಯಾಂಗರ್) ಇರುವ ಫ್ರೇಮ್ ಕೇಳಿ. ಸ್ರ್ಯಾಮ್ ಕಂಪನಿ 2019ರಲ್ಲಿ ತಂದ ಹ್ಯಾಂಗರ್ ಅದು. ಬೇರೆ ಬೇರೆ ಬ್ರಾಂಡಿಗೂ ಒಂದೇ ಹೊಂದುತ್ತದೆ. ಬ್ಯಾಗಿನಲ್ಲಿ ಒಂದು ಇಟ್ಟುಕೊಂಡಿರಿ.

ಮಳೆ ಬಂದ ಮಾರನೇ ದಿನ ನಾಲೆ ಏರಿಯ ಜೇಡಿ ಮಣ್ಣು ಟೈರಿಗೂ ಫ್ರೇಮಿಗೂ ನಡುವೆ ತುಂಬಿ ಚಕ್ರವೇ ನಿಲ್ಲುತ್ತದೆ. ಆಗ ಯೆಟಿಯೂ ಒಂದೇ, ಬಾಡಿಗೆ ಸೈಕಲ್ಲೂ ಒಂದೇ, ಹೆಗಲ ಮೇಲೆ ಹೊರಬೇಕು.

ವಿಜಯನಗರದಿಂದ:
ಮೇಲಿನವರ ಮಾತಿಗೆ ಒಂದೇ ಸೇರಿಸುತ್ತೇನೆ. ಸಸ್ಪೆನ್ಶನ್ ಸರ್ವಿಸ್ ಎಲ್ಲಿ ಮಾಡಿಸುತ್ತೀರಿ ಅಂತ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ರಾಕ್‌ಶಾಕ್ಸ್ ಕಂಪನಿಯ ಫೋರ್ಕಿನ ಕೆಳಭಾಗ ಬಿಚ್ಚಿ ಎಣ್ಣೆ ಬದಲಿಸಬೇಕಾದದ್ದು 50 ಗಂಟೆ ಓಡಿಸಿದ ಮೇಲೆ. ವಾರಕ್ಕೆರಡು ದಿನ ಹೋಗುವವರಿಗೆ ಅದು ಬೇಗನೆ ಬಂದುಬಿಡುತ್ತದೆ.

ನನ್ನ ಹತ್ತಿರ ಟ್ರೆಕ್ ಇದೆ. ಅದನ್ನು ಓಡಿಸುವವರಲ್ಲಿ ಎಲ್ಲ ಥರದವರೂ ಇದ್ದಾರೆ, ಇಂಥವರೇ ಅಂತ ಹೇಳೋಕಾಗಲ್ಲ. ಸ್ಪೆಷಲೈಜ್ಡ್‌ನವರು ಮಾತ್ರ 1981ರ ಸ್ಟಂಪ್‌ಜಂಪರ್ ಕಥೆ ಹೇಳದೆ ಬಿಡಲ್ಲ. ಕಾರ್ಖಾನೆಯಲ್ಲಿ ರಾಶಿಗಟ್ಟಲೆ ತಯಾರಾದ ಮೊದಲ ಎಂಟಿಬಿ ಅದೇ ಅಂತ ಹೆಮ್ಮೆ. ನಿಮ್ಮ ಓಡಾಟಕ್ಕೆ 120 ಮಿಲಿಮೀಟರಿನ ಹಗುರ ಸೈಕಲ್ ಸಾಕು, ಬ್ರಾಂಡ್ ಯಾವುದಾದರೂ ಆಗಲಿ. ಉಳಿದ ದುಡ್ಡನ್ನು ಒಳ್ಳೇ ಚಕ್ರಕ್ಕೆ ಹಾಕಿ. ಮುಂದಿನ ಭಾನುವಾರ ಕರಿಘಟ್ಟದ ಕಡೆ ಬಂದರೆ ನನ್ನದನ್ನು ಓಡಿಸಿ ನೋಡಬಹುದು. ಮೀಡಿಯಂ ಸೈಜು. ನಿಮ್ಮ ಎತ್ತರ ಎಷ್ಟು?