ಕಣ್ಣಲ್ಲಿ ನೀರು ಸುರಿಯುತ್ತೆ, ಡಾಕ್ಟ್ರು ‘ಡ್ರೈ ಐ’ ಅಂದ್ರು!

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 47 ವರ್ಷ, ಬ್ಯಾಂಕ್ ಕೌಂಟರ್‌ನಲ್ಲಿ ಕೆಲಸ. ಮಧ್ಯಾಹ್ನದ ಹೊತ್ತಿಗೆ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಸ್ಕೂಟರ್‌ನಲ್ಲಿ ಮನೆಗೆ ಹೋಗುವಾಗ ಧಾರಾಕಾರ ನೀರು. ಇಷ್ಟು ನೀರು ಬರುವಾಗ ಕಣ್ಣು ಒಣಗುವುದು ಹೇಗೆ? ಧೂಳಿನ ಅಲರ್ಜಿಗೆ ದಿನಾ ಸೆಟಿರಿಜಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ನಮ್ಮತ್ತೆ ಹರಳೆಣ್ಣೆ ಬಿಟ್ಕೋ ಅಂತಾರೆ, ಬಿಡಬಹುದಾ?

ಉತ್ತರ: ಮನೆಯ ಹರಳೆಣ್ಣೆ ಕಣ್ಣಿಗೆ ಬೇಡ ಮೇಡಂ, ಸೋಂಕಾಗಬಹುದು. ನೆತ್ತಿಗೆ ಹಚ್ಚಿಕೊಳ್ಳಿ, ಅತ್ತೆಯವರಿಗೂ ಸಮಾಧಾನ.

ಕಣ್ಣೀರು ಬರೀ ನೀರಲ್ಲ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತದಲ್ವಾ, ಹಾಗೆ ಅದರ ಮೇಲೂ ತೆಳುವಾದ ಎಣ್ಣೆ ಪದರ ಇರುತ್ತದೆ. ಆ ಎಣ್ಣೆ ಬರುವುದು ರೆಪ್ಪೆಯ ಅಂಚಿನ ಸಣ್ಣ ಗ್ರಂಥಿಗಳಿಂದ. ಅವು ಕಟ್ಟಿಕೊಂಡರೆ ನೀರು ಬೇಗ ಆರಿ ಕಣ್ಣು ಉರಿಯುತ್ತದೆ. ಉರಿ ತಾಳದೆ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಅದು ಕಣ್ಣಲ್ಲಿ ನಿಲ್ಲದೆ ಕೆನ್ನೆಗಿಳಿಯುತ್ತದೆ, ಅಷ್ಟೇ.

ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಶಾಖ ಕೊಡಿ. ಮೊದಲು ಮಣಿಕಟ್ಟಿಗೆ ಮುಟ್ಟಿಸಿ ಬಿಸಿ ನೋಡಿಕೊಳ್ಳಿ. ಬಟ್ಟೆ ಬೇಗ ತಣ್ಣಗಾಗುತ್ತದೆ, ಮತ್ತೆ ಮತ್ತೆ ಅದ್ದಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ನೀವಿ. ಎರಡು ದಿನ ಮಾಡಿ ಬಿಟ್ಟರೆ ಏನೂ ಆಗುವುದಿಲ್ಲ, ವಾರಗಟ್ಟಲೆ ಮಾಡಬೇಕು.

ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಕಂಪ್ಯೂಟರ್ ಮುಂದೆ ಅದು ಅರ್ಧಕ್ಕೂ ಇಳಿಯುತ್ತದೆ. ಒಬ್ಬ ಗ್ರಾಹಕರು ಎದ್ದು ಹೋದಾಗಲೆಲ್ಲ ಎರಡು ಸಲ ಕಣ್ಣು ಪೂರ್ತಿ ಮುಚ್ಚಿ ತೆರೆಯಿರಿ. ಎಸಿ ಗಾಳಿ ಮುಖಕ್ಕೆ ಬೀಳದಂತೆ ತಿರುಗಿಸಿ. ಸ್ಕೂಟರ್‌ಗೆ ಗ್ಲಾಸ್ ಇಳಿಸಿದ ಹೆಲ್ಮೆಟ್ ಸಾಕು.

ಸೆಟಿರಿಜಿನ್ ಕೂಡ ಕಣ್ಣು ಒಣಗಿಸಬಹುದು. ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಈ ತೊಂದರೆ ಜಾಸ್ತಿ. ಜೊತೆಗೆ ಬಾಯಿ ಒಣಗುವುದು, ಕೀಲುನೋವು ಇದ್ದರೆ ಡಾಕ್ಟರಿಗೆ ಹೇಳಿ, ರಕ್ತಪರೀಕ್ಷೆ ಬೇಕಾಗಬಹುದು. ಕೃತಕ ಕಣ್ಣೀರಿನ ಡ್ರಾಪ್ಸ್ ದಿನಕ್ಕೆ 4 ಸಲಕ್ಕಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದೇ ಕೇಳಿ.

ಇನ್ನೊಬ್ಬರು: ಸರ್, ನನಗೂ ಹೀಗೇ. ಮೆಡಿಕಲ್ ಶಾಪ್‌ನವರು ಕೊಟ್ಟ ಡ್ರಾಪ್ಸ್ ಹಾಕಿದರೆ ಒಂದೇ ದಿನದಲ್ಲಿ ಕೆಂಪು ಹೋಗುತ್ತೆ. ಆರು ತಿಂಗಳಿಂದ ಹಾಕ್ತಿದೀನಿ.

ಉತ್ತರ: ಈಗಲೇ ಲೇಬಲ್ ಓದಿ. ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಬರಬಹುದು, ಪೊರೆಯೂ ಬರಬಹುದು. ಒತ್ತಡ ಏರಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಆ ಬಾಟಲಿ ಹಿಡಿದುಕೊಂಡೇ ಈ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಒತ್ತಡ ಅಳೆಯಿರಿ ಅಂತ ಬಾಯಿಬಿಟ್ಟು ಕೇಳಿ.