7805 ಮಧ್ಯಾಹ್ನ ಮಾತ್ರ ಯಾಕೆ ಕೈಕೊಡುತ್ತೆ?

ಪ್ರಶ್ನೆ: ಸರ್, ರಾಯಚೂರು ಹತ್ತಿರ ನಮ್ಮ ಹೊಲದ ಪಂಪ್ ಆನ್-ಆಫ್ ಮಾಡೋಕೆ ಒಂದು ಬೋರ್ಡ್ ಮಾಡಿದ್ದೇನೆ. 12 ವೋಲ್ಟ್ ಬ್ಯಾಟರಿ, ಅದನ್ನು 5 ವೋಲ್ಟ್‌ಗೆ ಇಳಿಸೋ 7805 ರೆಗ್ಯುಲೇಟರ್ ಚಿಪ್, ಎಲ್ಲ ನಡೆಸೋ ಪುಟ್ಟ ಕಂಪ್ಯೂಟರ್ ಇಎಸ್‌ಪಿ32, 4ಜಿ ಮಾಡ್ಯೂಲ್, ಎರಡು ರಿಲೇ. ಅಳೆದರೆ 0.6 ಆಂಪಿಯರ್ ಬರುತ್ತೆ. ಮನೇಲಿ ಟೇಬಲ್ ಮೇಲೆ ಎರಡು ದಿನ ಚೆನ್ನಾಗೇ ಓಡಿತು. ಕಪ್ಪು ಪ್ಲಾಸ್ಟಿಕ್ ಬಾಕ್ಸಲ್ಲಿ ಹಾಕಿ ಕಂಬಕ್ಕೆ ಕಟ್ಟಿದ ಮೇಲೆ ಮಧ್ಯಾಹ್ನ ಆದರೆ ಸಾಕು, ಆಫ್ ಆಗಿ ಆನ್ ಆಗುತ್ತೆ. 7805ಕ್ಕೆ ಬಿಸಿ ಹೀರಿ ಗಾಳಿಗೆ ಬಿಡೋ ಲೋಹದ ಚಿಕ್ಕ ಹೀಟ್‌ಸಿಂಕ್ ಇದೆ, ನಡುವೆ ಥರ್ಮಲ್ ಪೇಸ್ಟ್ ಧಾರಾಳವಾಗಿ ಹಚ್ಚಿದ್ದೇನೆ. ದೊಡ್ಡ ಹೀಟ್‌ಸಿಂಕ್ ಹಾಕಲಾ?

ಉತ್ತರ: ಸ್ವಲ್ಪ ತಾಳಿ, ಮೊದಲು ಲೆಕ್ಕ ಹಾಕೋಣ. 12ರಲ್ಲಿ 5 ಹೋದರೆ 7 ವೋಲ್ಟ್, ಅದನ್ನು 0.6ರಿಂದ ಗುಣಿಸಿದರೆ 4.2 ವ್ಯಾಟ್. ಇಷ್ಟೂ ಸುಮ್ನೆ ಬಿಸಿಯಾಗಿ ಹೋಗುತ್ತೆ. ನಿಮ್ಮ ಬೋರ್ಡ್ ತಿನ್ನೋದು 3 ವ್ಯಾಟ್, 7805 ಸುಡೋದು ಅದಕ್ಕಿಂತ ಜಾಸ್ತಿ!

ಬಿಸಿ ದಾಟೋ ಒಂದೊಂದು ಹಂತದಲ್ಲೂ ಪ್ರತಿ ವ್ಯಾಟ್‌ಗೆ ಇಷ್ಟು ಡಿಗ್ರಿ ಏರುತ್ತೆ: ಚಿಪ್‌ನಿಂದ ಕವಚಕ್ಕೆ 5, ಪೇಸ್ಟ್‌ಗೆ ಸುಮಾರು 1, ಬೆರಳುದ್ದದ ಹೀಟ್‌ಸಿಂಕ್‌ಗೆ 20 ಇಟ್ಟುಕೊಳ್ಳಿ. ಒಟ್ಟು 26. ಅದನ್ನು 4.2 ವ್ಯಾಟ್‌ನಿಂದ ಗುಣಿಸಿದರೆ ಸುತ್ತಲಿನ ಗಾಳಿಗಿಂತ ಚಿಪ್ 109 ಡಿಗ್ರಿ ಜಾಸ್ತಿ ಬಿಸಿ. ಮನೇಲಿ ಗಾಳಿ 30 ಇದ್ದರೆ ಚಿಪ್ 139. ಚಿಪ್ ತಯಾರಕರ ಮಾಹಿತಿ ಹಾಳೆ (ಡೇಟಾಶೀಟ್) ಸಾಮಾನ್ಯವಾಗಿ 125 ದಾಟಬೇಡಿ ಅನ್ನುತ್ತೆ, ಅಂದರೆ ಟೇಬಲ್ ಮೇಲೂ ಅದು ಬೇಯುತ್ತಲೇ ಇತ್ತು, ನಿಮಗೆ ಗೊತ್ತಾಗಲಿಲ್ಲ ಅಷ್ಟೆ. ಬಿಸಿಲಲ್ಲಿ ಬಾಕ್ಸ್ ಒಳಗೆ 60 ಆದರೆ 169 ಆಗುತ್ತೆ, ಅಷ್ಟರೊಳಗೇ ಚಿಪ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತೆ. ತಣ್ಣಗಾದರೆ ಮತ್ತೆ ಆನ್. ನೀವು ನೋಡಿದ್ದು ಇದನ್ನೇ.

ದೊಡ್ಡ ಹೀಟ್‌ಸಿಂಕ್ ಹಾಕಿದರೂ ಬಿಸಿ ಎಲ್ಲಿಗೆ ಹೋಗಬೇಕು ಹೇಳಿ? ಮುಚ್ಚಿದ ಬಾಕ್ಸಲ್ಲೇ ಸುತ್ತುತ್ತೆ. ಅಲ್ಯುಮಿನಿಯಂ ಮೀಟರ್‌ಗೆ ಡಿಗ್ರಿಗೆ 200 ವ್ಯಾಟ್‌ನಷ್ಟು ಬಿಸಿ ಸಾಗಿಸಿದರೆ ನಿಂತ ಗಾಳಿ ಸಾಗಿಸೋದು 0.026. ಪ್ಲಾಸ್ಟಿಕ್ಕೂ ಬಿಸಿ ಹೊರಗೆ ಬಿಡೋದರಲ್ಲಿ ಜಿಪುಣ.

ಹಾಗಾಗಿ 7805 ತೆಗೆದು ಎಲ್‌ಎಂ2596 ಬಕ್ ಮಾಡ್ಯೂಲ್ ಹಾಕಿ, ಅದು ಹೆಚ್ಚಿನ ವೋಲ್ಟನ್ನು ಬಿಸಿಯಾಗಿ ಸುಡದೆ, ವೇಗವಾಗಿ ಆನ್-ಆಫ್ ಮಾಡಿ ಇಳಿಸುತ್ತೆ. ಅದು ಸುಮಾರು 80 ಶೇಕಡಾ ದಕ್ಷ, ನಿಮ್ಮ ಲೋಡ್‌ಗೆ ಮುಕ್ಕಾಲು ವ್ಯಾಟ್ ಮಾತ್ರ ಬಿಸಿ. ಬಾಕ್ಸ್‌ಗೆ ಬಿಳಿ ಬಣ್ಣ ಬಳಿದು ನೆರಳಿಗೆ ತನ್ನಿ.

ಪೇಸ್ಟ್ ಬಗ್ಗೆ ಒಂದು ಮಾತು. ಅದು ಲೋಹಕ್ಕಿಂತ ಎಷ್ಟೋ ಪಾಲು ಕಡಿಮೆ ಬಿಸಿ ಸಾಗಿಸುತ್ತೆ, ಎರಡು ಲೋಹದ ನಡುವಿನ ಗಾಳಿ ಜಾಗ ತುಂಬೋಕೆ ಮಾತ್ರ ಇರೋದು. ಕಾವಲಿಗೆ ಎಣ್ಣೆ ಸವರಿದ ಹಾಗೆ ಹಚ್ಚಬೇಕು, ದೋಸೆಗೆ ಚಟ್ನಿ ಬಳಿದ ಹಾಗಲ್ಲ.

ಇನ್ನೊಬ್ಬರ ಪ್ರಶ್ನೆ: ಅಲ್ಯುಮಿನಿಯಂ ಬಾಕ್ಸ್ ತಗೊಂಡು 7805 ಅನ್ನು ಗೋಡೆಗೇ ಬೋಲ್ಟ್ ಮಾಡಿದರೆ? ಒಳಗೊಂದು ಫ್ಯಾನ್?

ಉತ್ತರ: ಬೋಲ್ಟ್ ಮಾಡೋದು ಒಳ್ಳೆ ಉಪಾಯ, ಬಾಕ್ಸೇ ಹೀಟ್‌ಸಿಂಕ್ ಆಗುತ್ತೆ. 7805ರ ಲೋಹದ ತುದಿ (ಬೋಲ್ಟ್ ಹಾಕೋ ಭಾಗ) ಗ್ರೌಂಡ್, ಹಾಗಾಗಿ ಬಾಕ್ಸ್ ಗ್ರೌಂಡ್ ಆದರೂ ಪರವಾಗಿಲ್ಲ ಅನ್ನೋದಾದರೆ ನಡುವೆ ಕರೆಂಟ್ ತಡೆಯೋ ಮೈಕಾ ಹಾಳೆ ಬೇಡ. ಇದೇ ಧೈರ್ಯ ಮೈನಸ್ 5 ವೋಲ್ಟ್ ಕೊಡೋ 7905ಕ್ಕೆ ಮಾಡಬೇಡಿ, ಅದರ ತುದಿ ಇನ್‌ಪುಟ್. ವೋಲ್ಟ್ ಬದಲಿಸಬಹುದಾದ ರೆಗ್ಯುಲೇಟರ್ ಎಲ್‌ಎಂ317ರದು ಔಟ್‌ಪುಟ್. ಮುಚ್ಚಿದ ಬಾಕ್ಸಲ್ಲಿ ಫ್ಯಾನ್ ಬಿಸಿ ಗಾಳಿಯನ್ನೇ ತಿರುಗಿಸುತ್ತೆ, ಲಾಭ ಕಡಿಮೆ, ಧೂಳು ಬೇರೆ.

ಪ್ರಶ್ನೆ ಕೇಳಿದವರು: ಬಕ್ ಮಾಡ್ಯೂಲ್ ತಂದೆ ಸರ್. ನೇರ ಜೋಡಿಸಲಾ?

ಉತ್ತರ: ಬೇಡ! ಲೋಡ್ ಇಲ್ಲದೆ 12 ವೋಲ್ಟ್ ಕೊಡಿ, ಔಟ್‌ಪುಟ್‌ಗೆ ಮಲ್ಟಿಮೀಟರ್ ಇಟ್ಟು ಆ ನೀಲಿ ಸ್ಕ್ರೂ ತಿರುಗಿಸಿ 5ಕ್ಕೆ ತನ್ನಿ. ಆಮೇಲೆ ಇಎಸ್‌ಪಿ32 ಜೋಡಿಸಿ. ಕೆಪಾಸಿಟರ್ ಮೇಲೆ 85 ಡಿಗ್ರಿ ಅಂತ ಬರೆದಿದ್ದರೆ 105ರದ್ದು ಹಾಕಿ. ಹತ್ತು ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚು ಕಡಿಮೆ ಅರ್ಧ ಆಗುತ್ತೆ.