ಪದಚರ್ಚೆ: ‘ಅಳಿಯ’ನಲ್ಲಿ ಎಷ್ಟು ಪಾಲು?

ಬಳಗದ ಎಲ್ಲರಿಗೂ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ವಿಜ್ಞಾನ ಕ್ಲಬ್ಬಿನ ಮಕ್ಕಳಿಗಾಗಿ ಸಮಾಜ ಜೀವಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಮೂರು ಪಾಠ ಬರೆಯುತ್ತಿದ್ದೇನೆ. ಪ್ರಾಣಿಗಳ ಮತ್ತು ಮನುಷ್ಯರ ನಡವಳಿಕೆಯನ್ನು ವಿಕಾಸದ ಕಣ್ಣಿನಿಂದ ನೋಡುವ ಶಾಸ್ತ್ರ ಇದು. 1975ರಲ್ಲಿ ಎಡ್ವರ್ಡ್ ವಿಲ್ಸನ್ ದೊಡ್ಡದೊಂದು ಪುಸ್ತಕ ಬರೆದ ಮೇಲೆ ಈ ಹೆಸರು ಎಲ್ಲ ಕಡೆ ಹರಡಿತು. ಶಾಸ್ತ್ರದ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ನಾನು ಸಿಕ್ಕಿಹಾಕಿಕೊಂಡದ್ದು ಒಂದು ಸಣ್ಣ ಪದದಲ್ಲಿ.

ವಿಷಯ ಹೀಗೆ. ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ಒಂದು ಲೆಕ್ಕ ಕೊಟ್ಟರು. ಒಂದು ಜೀವಿ ತನ್ನ ಲಾಭ ಬಿಟ್ಟು ಇನ್ನೊಂದಕ್ಕೆ ಯಾಕೆ ನೆರವಾಗುತ್ತದೆ? ನೆರವು ಪಡೆಯುವ ಜೀವಿಯಲ್ಲೂ ಅದೇ ಜೀನ್‌ಗಳ ಒಂದು ಪಾಲು ಇರುತ್ತದೆ. ಆ ಪಾಲನ್ನು ಲಾಭದಿಂದ ಗುಣಿಸಿದಾಗ ಬರುವುದು ನಷ್ಟಕ್ಕಿಂತ ಜಾಸ್ತಿ ಇದ್ದರೆ ಅಂಥ ನಡವಳಿಕೆ ತಲೆಮಾರುಗಳಲ್ಲಿ ಉಳಿಯುತ್ತದೆ. ಹೆತ್ತ ಮಗುವಿನಲ್ಲಿ ಪಾಲು ಅರ್ಧ. ಒಡಹುಟ್ಟಿದವರಲ್ಲೂ ಸರಾಸರಿ ಅರ್ಧ. ಒಡಹುಟ್ಟಿದವರ ಮಗುವಿನಲ್ಲಿ ಕಾಲು.

ಈ ಕೊನೆಯ ಸಾಲನ್ನು ಬೋರ್ಡಿನ ಮೇಲೆ ‘ಅಳಿಯ – 1/4’ ಎಂದು ಬರೆದೆ. ಎರಡನೇ ಬೆಂಚಿನ ಹುಡುಗಿ ಕೈ ಎತ್ತಿದಳು. “ಟೀಚರ್, ಮೊನ್ನೆ ಅಕ್ಕನ ಮದುವೆ ಆಯ್ತಲ್ಲ, ಭಾವ ಈಗ ನಮ್ಮ ಅಪ್ಪನಿಗೆ ಅಳಿಯ. ಅವರಲ್ಲಿಯೂ ಅಪ್ಪನ ಕಾಲು ಪಾಲು ಉಂಟಾ?”

ನಾನು ಚಾಕ್ ಕೆಳಗಿಟ್ಟೆ. ಅವಳ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ, ತಪ್ಪು ನಾನು ಆರಿಸಿದ ಪದದಲ್ಲಿತ್ತು. ಹೊರಗಿನಿಂದ ಬಂದ ಮಗಳ ಗಂಡನಲ್ಲಿ ಪಾಲು ಸೊನ್ನೆ. ಅಕ್ಕನನ್ನು ಸೋದರತ್ತೆಯ ಮಗನಿಗೆ ಕೊಟ್ಟಿದ್ದರೆ ಅದೇ ‘ಅಳಿಯ’ನಲ್ಲಿ ಕಾಲು. ನಮ್ಮಲ್ಲಿ ಎರಡಕ್ಕೂ ಒಂದೇ ಪದ ಬಂದದ್ದೂ ಅಂಥ ಮದುವೆಗಳಿಂದಲೇ ಅಲ್ವಾ? ಗಂಡಸಿಗೆ ಚಿಕ್ಕಮ್ಮನ ಮಗಳು ತಂಗಿ, ಹಾಗಾಗಿ ಅವಳ ಮಗನೂ ಅಳಿಯನೇ. ಅವನಲ್ಲಿ ಪಾಲು 1/16. ಒಂದೇ ಪದ, ಮೂರು ಲೆಕ್ಕ: ಕಾಲು, ಹದಿನಾರರಲ್ಲಿ ಒಂದು, ಸೊನ್ನೆ.

‘ಸೋದರಳಿಯ’ ಎಂದು ಬರೆದರೆ ಮುಗಿಯಿತು ಎಂದು ಕೆಲವರು ಹೇಳಬಹುದು. ಮುಗಿಯುವುದಿಲ್ಲ. ಗಂಡಸಿಗೆ ಅಕ್ಕತಂಗಿಯರ ಮಗ ಅಳಿಯ, ಅಣ್ಣತಮ್ಮಂದಿರ ಮಗ ಮಗನೇ. ಹೆಂಗಸಿಗೆ ಇದು ತಿರುಗುಮುರುಗು. ನನ್ನ ತಮ್ಮನ ಮಗ ನನಗೆ ಅಳಿಯ, ತಂಗಿಯ ಮಗ ನನಗೆ ಮಗ. ಇಬ್ಬರಲ್ಲೂ ನನ್ನ ಪಾಲು ಕಾಲೇ. ಆದರೆ ಇಬ್ಬರನ್ನೂ ಒಟ್ಟಿಗೆ ಕರೆಯುವ ಒಂದು ಪದ ನನ್ನ ಬಾಯಲ್ಲಿ ಇಲ್ಲ.

ಇದಕ್ಕಿಂತ ಕಷ್ಟ ಕೊಟ್ಟದ್ದು ಹಾಲ್ಡೇನ್ ಅವರ ಮಾತು. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಅವರು. ಇಬ್ಬರು ಒಡಹುಟ್ಟಿದವರಿಗಾಗಿ, ಇಲ್ಲವೇ ಎಂಟು ಮಂದಿ ಕಸಿನ್‌ಗಳಿಗಾಗಿ ಪ್ರಾಣ ಕೊಡಲು ತಾನು ತಯಾರು ಎಂದು ಅವರು ಹೇಳಿದ್ದರಂತೆ. ಅರ್ಧ ಎರಡು ಸಲ ಸೇರಿದರೆ ಒಂದು, 1/8 ಎಂಟು ಸಲ ಸೇರಿದರೂ ಒಂದು. ಇದನ್ನು ಕನ್ನಡಕ್ಕೆ ತನ್ನಿ ನೋಡೋಣ. ದೊಡ್ಡಮ್ಮನ ಮಗ ನನಗೆ ಅಣ್ಣ. ಚಿಕ್ಕಪ್ಪನ ಮಗ ತಮ್ಮ. ಸೋದರಮಾವನ ಮಗ ಮಾತ್ರ ಭಾವ. ಮೂವರಲ್ಲೂ ಪಾಲು 1/8. ‘ಇಬ್ಬರು ಅಣ್ಣತಮ್ಮಂದಿರಿಗಾಗಿ, ಇಲ್ಲವೇ ಎಂಟು ಅಣ್ಣತಮ್ಮಂದಿರಿಗಾಗಿ’ ಎಂದು ಬರೆದರೆ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಸದ್ಯಕ್ಕೆ ‘ಕಸಿನ್’ ಎಂದೇ ಇಟ್ಟಿದ್ದೇನೆ. ಮಕ್ಕಳಿಗೆ ಆ ಪದ ಗೊತ್ತು.

ಹೀಗಾಗಿ ಮೊದಲ ಪ್ರಶ್ನೆ ಇದು. ನಂಟಿನ ಹೆಸರುಗಳನ್ನು ಬದಿಗಿಟ್ಟು, ಜೀನ್‌ಗಳಲ್ಲಿ ಎಷ್ಟು ಪಾಲು ಎಂಬುದಕ್ಕೇ ಒಂದು ಪದ ಬೇಕು. ಹೆಚ್ಚಿನವರು ‘ಸಂಬಂಧ’ ಅಥವಾ ‘ರಕ್ತಸಂಬಂಧ’ ಎಂದು ಬರೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ‘ಒಳ್ಳೆ ಸಂಬಂಧ ಬಂದಿದೆ’ ಎಂದರೆ ಹುಡುಗನ ಕಡೆಯವರು ಬಂದಿದ್ದಾರೆ ಎಂದರ್ಥ. ಪಕ್ಕದ ಮಲಯಾಳದಲ್ಲಿ ‘ಸಂಬಂಧಂ’ ಎಂದರೆ ಹಿಂದೆ ನಾಯರ್ ಮನೆಗಳಲ್ಲಿ ಮದುವೆಯೇ. ನನ್ನ ಅರ್ಧ ತರಗತಿಗೆ ಮಲಯಾಳವೂ ಬರುತ್ತದೆ. ‘ರಕ್ತ’ ಎಂದ ಕೂಡಲೇ ಮಕ್ಕಳ ತಲೆ ಬ್ಲಡ್ ಗ್ರೂಪಿನ ಕಡೆಗೆ ಹೋಗುತ್ತದೆ.

ನಾನು ‘ಪಾಲು’ ಎಂದು ಬಳಸಿ ನೋಡಿದೆ. ಅದಕ್ಕೆ ಕಾರಣ ಇದೆ. ಅರ್ಧ, ಕಾಲು, ಅರೆಕಾಲು, ವೀಸ, ಅರೆವೀಸ ಎಂದು ನಮ್ಮ ಹಿರಿಯರ ಲೆಕ್ಕ ಸರಿಯಾಗಿ ಅರ್ಧರ್ಧ ಇಳಿಯುತ್ತಾ ಹೋಗುತ್ತದೆ. ಪೀಳಿಗೆ ದೂರವಾದಂತೆ ಜೀನ್‌ಗಳ ಲೆಕ್ಕ ಇಳಿಯುವುದೂ ಹೀಗೆಯೇ. ಮಗುವಿನಲ್ಲಿ ಅರ್ಧ, ಮೊಮ್ಮಗುವಿನಲ್ಲಿ ಕಾಲು, ಮರಿಮಗುವಿನಲ್ಲಿ ಅರೆಕಾಲು, ಅವರ ಮಗುವಿನಲ್ಲಿ ವೀಸ. ‘ವೀಸ’ ಎಂಬ ಪದ ಮಕ್ಕಳಿಗೆ ಹೊಸತು, ಆದರೆ ಅಜ್ಜಂದಿರನ್ನು ಕೇಳಿಕೊಂಡು ಬನ್ನಿ ಎಂದು ಕಳಿಸಿದರೆ ಕೇಳಿಕೊಂಡು ಬರುತ್ತಾರೆ.

‘ಪಾಲು’ ಎಂಬುದರಲ್ಲಿ ಒಂದು ತೊಡಕೂ ಇದೆ. ಆಸ್ತಿ ಪಾಲಾದರೆ ಒಬ್ಬನಿಗೆ ಸಿಕ್ಕಿದ್ದು ಇನ್ನೊಬ್ಬನಿಗೆ ಇಲ್ಲ. ಇಲ್ಲಿ ಹಾಗಲ್ಲ. ಹತ್ತು ಮಂದಿ ಸೋದರಳಿಯಂದಿರು ಇದ್ದರೂ ಒಬ್ಬೊಬ್ಬನಲ್ಲೂ ಕಾಲು, ಯಾರಿಗೂ ಕಡಿಮೆ ಆಗುವುದಿಲ್ಲ. ಆದ್ದರಿಂದ ‘ಒಡಹುಟ್ಟು’ ಎಂಬುದರ ದಾರಿಯಲ್ಲಿ ‘ಒಡಪಾಲು’ ಎಂದು ಮಾಡಿದರೆ ಹೇಗೆ? ಇಬ್ಬರಲ್ಲೂ ಒಟ್ಟಿಗೆ ಇರುವ ಪಾಲು ಎಂಬ ಅರ್ಥ ಅದರಲ್ಲಿ ಬರುತ್ತದೆ. ಆದೇಶ ಸಂಧಿ ಆಗಿ ‘ಒಡವಾಲು’ ಎಂದಾಗಬೇಕೇ ಎಂಬುದನ್ನು ವ್ಯಾಕರಣ ಬಲ್ಲವರು ಹೇಳಬೇಕು. ಕಿವಿಗೆ ನನಗೆ ‘ಒಡಪಾಲು’ ಹಿತ.

ಎರಡನೆಯದು ‘ಕುಟುಂಬ’. ಹ್ಯಾಮಿಲ್ಟನ್ ಲೆಕ್ಕದಂತೆ ನಡೆಯುವ ಆಯ್ಕೆಗೆ ಜಾನ್ ಮೇನಾರ್ಡ್ ಸ್ಮಿತ್ 1964ರಲ್ಲಿ ಕೊಟ್ಟ ಹೆಸರನ್ನು ‘ಬಂಧು ಆಯ್ಕೆ’ ಎನ್ನಬಹುದು, ‘ಕುಟುಂಬ ಆಯ್ಕೆ’ ಎಂದೂ ಬರೆಯಬಹುದು. ಘಟ್ಟದ ಮೇಲೆ ಕುಟುಂಬ ಎಂದರೆ ಗಂಡ ಹೆಂಡತಿ ಮಕ್ಕಳು. ಹಳೆ ಮೈಸೂರಿನ ಹಿರಿಯರು ಹೆಂಡತಿಯನ್ನೇ ‘ನಮ್ಮ ಕುಟುಂಬ’ ಎನ್ನುತ್ತಿದ್ದರು. ನಮ್ಮಲ್ಲಿ ಅಳಿಯಕಟ್ಟಿನ, ಅಂದರೆ ಮಾವನ ಆಸ್ತಿ ಮಗನಿಗೆ ಹೋಗದೆ ಅಕ್ಕತಂಗಿಯರ ಮಕ್ಕಳಿಗೆ ಬರುವ, ಮನೆಗಳಲ್ಲಿ ಕುಟುಂಬ ಎಂದರೆ ತಾಯಿಯ ಕಡೆಯಿಂದ ಇಳಿದು ಬಂದವರು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಸಾಲಿನಲ್ಲಿ ಬಂದ ಅವಳ ಸಂತತಿ ಸೇರಿ ಒಂದು ‘ಕವರು’. ಮದ್ರಾಸಿನ 1949ರ ಅಳಿಯಸಂತಾನ ಕಾನೂನಿನಲ್ಲಿಯೂ ಇದೇ ಪದ, ಇದೇ ಅರ್ಥ.

ಇದನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ತರವಾಡು ಮನೆಯಲ್ಲಿ, ಅಂದರೆ ತಾಯಿಯ ಕಡೆಯ ಮೂಲ ಮನೆಯಲ್ಲಿ. ವರ್ಷಕ್ಕೊಮ್ಮೆ ನಾಗನಿಗೆ ತಂಬಿಲ. ಆಗ ನನಗೆ ಹತ್ತು ವರ್ಷ ಇರಬೇಕು. ಸೋದರಮಾವ ಯಜಮಾನರು. ಪ್ರಸಾದ ಮೊದಲು ಅವರ ಕೈಗೆ, ಆಮೇಲೆ ಅಮ್ಮನಿಗೆ, ಚಿಕ್ಕಮ್ಮನಿಗೆ, ನಮಗೆ. ಮಾವನ ಸ್ವಂತ ಮಗ, ನನ್ನ ಭಾವ, ಚಾವಡಿಯ ಮೆಟ್ಟಿಲ ಬದಿಯಲ್ಲಿ ನೆಂಟರ ಜೊತೆ ನಿಂತಿದ್ದ. ನಾನು ಅವನನ್ನು ಕೈ ಹಿಡಿದು ಎಳೆದೆ. “ಅವನು ಈ ಕುಟುಂಬದವನಲ್ಲ ಮಗಾ, ಅವನಿಗೆ ಅವನ ತಾಯಿಮನೆಯಲ್ಲಿ ಸಿಗ್ತದೆ” ಎಂದರು ಅಜ್ಜಿ. ಅಪ್ಪನ ಅರ್ಧ ಪಾಲು ಇರುವ ಮಗ ನೆಂಟ. ಅದೇ ಮಾವನ ವೀಸದಷ್ಟು ಪಾಲು ಇದ್ದ, ಚಿಕ್ಕಜ್ಜಿಯ ಮಗಳ ಮಗ ಒಳಗಿನವ.

ಸಮಾಜ ಜೀವಶಾಸ್ತ್ರದವರನ್ನು ಕಾಡಿದ ಒಗಟೇ ಇದು. ರಿಚರ್ಡ್ ಅಲೆಕ್ಸಾಂಡರ್ 1974ರಲ್ಲಿ ಒಂದು ಉತ್ತರ ಮುಂದಿಟ್ಟರು. ಹೆಂಡತಿಯ ಮಗು ತನ್ನದೇ ಎಂಬ ಖಾತ್ರಿ ಗಂಡಸಿಗೆ ಕಡಿಮೆ ಇದ್ದಲ್ಲಿ, ತಂಗಿಯ ಮಗುವಿನಲ್ಲಿ ತನ್ನ ಪಾಲು ಇರುವುದು ಹೆಚ್ಚು ಖಂಡಿತ. ಯಾಕೆಂದರೆ ತಾಯಿ ಯಾರೆಂಬುದರಲ್ಲಿ ಅನುಮಾನ ಇಲ್ಲ. ಕೇಳಲು ಸರಿ ಎನಿಸುತ್ತದೆ. ಆದರೆ ಲೆಕ್ಕ ಹಾಕಿದರೆ, ಆ ಖಾತ್ರಿ ನೂರರಲ್ಲಿ 27ಕ್ಕಿಂತ ಕೆಳಗೆ ಇಳಿದಾಗ ಮಾತ್ರ ತಂಗಿಯ ಮಗು ಹೆಂಡತಿಯ ಮಗುವನ್ನು ಮೀರುತ್ತದೆ. ನಾಲ್ಕು ಮಕ್ಕಳಲ್ಲಿ ಸುಮಾರಾಗಿ ಮೂವರು ಬೇರೆಯವರ ಮಕ್ಕಳಾಗಿರಬೇಕು! ಇದನ್ನು ಅಳೆದು ನೋಡಿದ ಹೆಚ್ಚಿನ ಸಮಾಜಗಳಲ್ಲಿ ಅಂಥ ಸ್ಥಿತಿ ಇಲ್ಲ.

ಈ ಭಾಗವನ್ನು ಬರೆಯುವಾಗ ನನ್ನ ಕೈ ತಡೆಯಿತು. ಕೆಲವು ಬರಹಗಳು ಆ 27ರ ಮಾತನ್ನು ಬಿಟ್ಟು ಬರೀ ಅನುಮಾನದ ಮಾತನ್ನು ಹೇಳುತ್ತವೆ. ನನ್ನ ಮುಂದೆ ಕೂತ ಮಕ್ಕಳ ಅಜ್ಜಿಯಂದಿರು ಅಳಿಯಕಟ್ಟಿನ ಮನೆಯವರು. ಅರ್ಧ ಹೇಳಿದರೆ ಅದು ಅವರ ಅಜ್ಜಿಯರ ಮೇಲೆ ಹೊರಿಸಿದ ಮಾತಾಗುತ್ತದೆ. ಹಾಗಾಗಿ ಲೆಕ್ಕವನ್ನು ಪೂರ್ತಿ ಬರೆದೆ. ಜೊತೆಗೆ 2003ರಲ್ಲಿ ಹೋಲ್ಡನ್, ಸಿಯರ್ ಮತ್ತು ಮೇಸ್ ಅವರು ಹೇಳಿದ್ದನ್ನೂ ಸೇರಿಸಿದೆ. ಅವರು ಮಾವನ ಜಾಗದಲ್ಲಿ ನಿಂತು ನೋಡಲಿಲ್ಲ, ಆಸ್ತಿ ಕೊಡುವ ತಂದೆತಾಯಿಯ ಜಾಗದಲ್ಲಿ ನಿಂತು ನೋಡಿದರು. ಮಗಳ ಮಕ್ಕಳು ಖಂಡಿತ ತಮ್ಮ ಮೊಮ್ಮಕ್ಕಳು. ಆಸ್ತಿಯಿಂದ ಮಗನಿಗೆ ಮಗಳಿಗಿಂತ ತುಂಬಾ ಹೆಚ್ಚಿನ ಪ್ರಯೋಜನ ಇಲ್ಲದಿದ್ದರೆ, ಚೂರು ಅನುಮಾನ ಇದ್ದರೂ ಮಗಳಿಗೆ ಕೊಡುವುದೇ ಮೇಲು. ದನಗಳ ಹಿಂಡು ಇರುವ ಆಫ್ರಿಕದ ಸಮಾಜಗಳಲ್ಲಿ ಆಸ್ತಿ ಮಗನ ಕಡೆಗೆ ವಾಲುವುದನ್ನೂ ಅವರು ಇದರಿಂದ ವಿವರಿಸಿದರು. ನಮ್ಮ ಅಳಿಯಕಟ್ಟಿಗೆ ಇದು ಪೂರ್ತಿ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಭೂಮಿ, ಗೇಣಿ, ಜಾತಿ, ದೈವ ಎಲ್ಲವೂ ಇದರಲ್ಲಿ ಹೆಣೆದುಕೊಂಡಿವೆ. ಒಡಪಾಲಿನ ಲೆಕ್ಕ ಒಂದೇ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೇರಳ 1975ರಲ್ಲಿ ಮಾಡಿ 1976ರ ಡಿಸೆಂಬರ್ 1ರಿಂದ ಜಾರಿಗೆ ತಂದ ಕಾನೂನು ಕೂಡುಕುಟುಂಬ ಒಟ್ಟಾಗಿ ಆಸ್ತಿ ಹೊಂದುವ ಪದ್ಧತಿಯನ್ನು ತೆಗೆದುಹಾಕಿತು. ಯಾರ ಜೀನೂ ಬದಲಾಗದೆ ಕಟ್ಟು ಬದಲಾಯಿತು.

ಮಾನವಶಾಸ್ತ್ರಜ್ಞ ಮಾರ್ಷಲ್ ಸಾಹ್ಲಿನ್ಸ್ 1976ರಲ್ಲಿ ಎತ್ತಿದ ತಕರಾರು ನಮ್ಮ ಪದಚರ್ಚೆಗೆ ಹತ್ತಿರದ್ದು. ಜನ ನಂಟನ್ನು ಕರೆಯುವ ರೀತಿಗೂ ಜೀನ್‌ಗಳ ಲೆಕ್ಕಕ್ಕೂ ತಾಳೆಯಿಲ್ಲ ಎಂದರು. ಎಷ್ಟೋ ಜನರ ನುಡಿಯಲ್ಲಿ ಭಿನ್ನರಾಶಿಗಳೇ ಇಲ್ಲ, ಹಾಗಿರುವಾಗ 1/8 ಎಂದು ಲೆಕ್ಕ ಹಾಕುವುದು ಹೇಗೆ ಎಂದೂ ಕೇಳಿದರು. ಎರಡನೇ ಮಾತಿಗೆ ರಿಚರ್ಡ್ ಡಾಕಿನ್ಸ್ ಕೊಟ್ಟ ಉತ್ತರ ಸರಿಯಾಗಿದೆ: ಬಸವನಹುಳು ಗಣಿತ ಕಲಿಯದೆಯೇ ಸುರುಳಿ ಚಿಪ್ಪು ಕಟ್ಟುತ್ತದೆ. ಮೊದಲನೇ ಮಾತು ಮಾತ್ರ ನನ್ನ ಬೋರ್ಡಿನ ಮೇಲೆ ಹಾಗೆಯೇ ನಿಂತಿದೆ.

ಇನ್ನು ‘ತ್ಯಾಗ’, ‘ಪರಹಿತ’, ‘ಸ್ವಾರ್ಥ’. ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಮೂರೂ ಮನಸ್ಸಿನ ಪದಗಳು. ಮಾವಿನ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆ ಗೂಡಿಗಾಗಿ ಕಚ್ಚಿ ಸಾಯುವಾಗ ತ್ಯಾಗದ ಮನಸ್ಸು ಮಾಡಿಲ್ಲ. ಜೀನ್‌ಗೆ ಸ್ವಾರ್ಥದ ಆಸೆಯೂ ಇಲ್ಲ. ನಾನು ‘ಬಿಟ್ಟುಕೊಡುವ ನಡವಳಿಕೆ’ ಎಂದು ಬರೆದಿದ್ದೇನೆ. ಡಾಕಿನ್ಸ್ ಪುಸ್ತಕದ ಹೆಸರಾದ ‘ಸ್ವಾರ್ಥಿ ಜೀನ್’ ಈಗಾಗಲೇ ಬಳಕೆಗೆ ಬಂದಿರುವುದರಿಂದ ಹಾಗೆಯೇ ಬಿಟ್ಟು, ಕೆಳಗೆ ಒಂದು ಸಾಲು ವಿವರಣೆ ಕೊಟ್ಟಿದ್ದೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ಕಣಜದ ಹುಳುಗಳ ಮೇಲೆ ಮಾಡಿದ ಕೆಲಸವನ್ನು ಈ ಪಾಠಕ್ಕೆ ತಂದುಕೊಂಡಿದ್ದೇನೆ. ಇರುವೆ, ಜೇನು, ಕಣಜಗಳಲ್ಲಿ ಗಂಡು ತನ್ನ ಜೀನ್‌ಗಳನ್ನೆಲ್ಲ ಪ್ರತಿ ಮಗಳಿಗೂ ಕೊಡುವುದರಿಂದ, ಒಂದೇ ತಂದೆಯ ಅಕ್ಕತಂಗಿಯರಲ್ಲಿ ಒಡಪಾಲು ಮುಕ್ಕಾಲು. ಗದಗಕರ್ ನೋಡಿದ ಕಣಜದ ರಾಣಿ ಒಂದಕ್ಕಿಂತ ಜಾಸ್ತಿ ಗಂಡುಗಳ ಜೊತೆ ಕೂಡುವುದರಿಂದ ಅದು ಕೆಳಗೆ ಇಳಿಯುತ್ತದೆ. ಆದರೂ ಕೆಲಸಗಾರ ಕಣಜಗಳು ರಾಣಿಯ ಮರಿಗಳನ್ನು ಸಾಕುತ್ತವೆ. ಅಂದರೆ ಲಾಭ ನಷ್ಟಗಳ ಕಡೆಯನ್ನೂ ಅಷ್ಟೇ ಗಮನ ಕೊಟ್ಟು ನೋಡಬೇಕು. ಕಣಜದಲ್ಲಿಯೇ ಹೀಗಿದ್ದರೆ ಮನುಷ್ಯರ ಮನೆಯ ಬಗ್ಗೆ ಅವಸರದಲ್ಲಿ ಹೇಳಬಾರದು ಎಂದು ಮಕ್ಕಳಿಗೆ ಹೇಳುವುದಿದೆ.

ನನಗೆ ತಿಳಿಯಬೇಕಾದ್ದು ಇಷ್ಟು. ‘ಒಡಪಾಲು’ ನಿಮಗೆ ಒಪ್ಪಿಗೆಯೇ, ಅಥವಾ ಬಳಕೆಯಲ್ಲಿರುವ ಬೇರೆ ಪದ ಇದೆಯೇ? ತಮ್ಮನ ಮಗ, ತಂಗಿಯ ಮಗ ಇಬ್ಬರನ್ನೂ ಸೇರಿಸಿ ಹೇಳುವ ಪದ ಬೀದರ, ಕಲಬುರಗಿ ಕಡೆ ಅಥವಾ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಮನೆಮಾತಿನಲ್ಲಿ ಇದೆಯೇ? ಉರ್ದು ಮರಾಠಿಯಿಂದ ಬಂದದ್ದಾದರೂ ಪರವಾಗಿಲ್ಲ. ಹೊಸೂರು, ತಾಳವಾಡಿ ಕಡೆಯವರು ‘ಅಳಿಯ’ ಎಂದರೆ ಮೊದಲು ಯಾರನ್ನು ನೆನೆಯುತ್ತಾರೆ, ಮಗಳ ಗಂಡನನ್ನೋ, ತಂಗಿಯ ಮಗನನ್ನೋ? ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತಾರೋ ಹಾಗೆಯೇ ಬರೆಯಿರಿ. ಮುಂದಿನ ಸೋಮವಾರ ಎರಡನೇ ಪಾಠ, ಎರಡನೇ ಬೆಂಚಿನ ಆ ಹುಡುಗಿಗೆ ಉತ್ತರ ಹೇಳಲು ಬಾಕಿ ಇದೆ.